ಕೊಟ್ಟಿಗೆ ತೊಳೆಯುವ ಪಂಪು ಮತ್ತು ಔಷಧದ ಲೆಕ್ಕ

(ಹೈನುಗಾರಿಕೆ ಮಾಡುವ ರೈತರಿಗಾಗಿ ಮಾಡಿದ ಭಾಷಣದ ಪಠ್ಯ)



ಹಸು ಸಾಕುವ ಮನೆಗಳಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಸಲಕರಣೆ ಬಂದು ಸೇರಿದೆ. ವಾಹನ ತೊಳೆಯುವ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಪ್ರೆಷರ್ ವಾಷರ್ ಈಗ ಕೊಟ್ಟಿಗೆಯ ಮೂಲೆಯಲ್ಲೂ ನಿಂತಿದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಎಚ್.ಟಿ.ಪಿ. ಪಂಪಿನಿಂದಲೇ ಕೊಟ್ಟಿಗೆ ತೊಳೆಯುವವರೂ ಇದ್ದಾರೆ. ಬಗ್ಗಿ ನಿಂತು ಪೊರಕೆಯಿಂದ ಉಜ್ಜುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು. ಅದು ಈಗ ಬಹಳ ಹಗುರವಾಗಿದೆ. ಆದರೆ ಪಂಪಿನ ಜೊತೆಗೆ ಬರುವ ಸೋಪಿನ ಡಬ್ಬಿಗೆ ಔಷಧ ಎಷ್ಟು, ನೀರು ಎಷ್ಟು ಎಂಬ ಪ್ರಶ್ನೆಗೆ ಮಾತ್ರ ಬಹುಪಾಲು ಮನೆಗಳಲ್ಲಿ ಅಂದಾಜೇ ಉತ್ತರವಾಗಿದೆ.

ಇದು ಚಿಲ್ಲರೆ ವಿಷಯವಲ್ಲ. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹರಡಿ ಸಾವಿರಾರು ದನಗಳು ಸತ್ತದ್ದನ್ನು ಹೈನುಗಾರರು ಮರೆತಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂತು. ಇಂಥ ರೋಗಗಳಿಗೆ ಮೊದಲ ರಕ್ಷಣೆ ಲಸಿಕೆಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತಿದೆ. ಅದನ್ನು ತಪ್ಪಿಸಿಕೊಂಡವರಿಗೆ ಯಾವ ತೊಳೆತವೂ ಆಸರೆಯಾಗದು. ಆದರೂ ಅಕ್ಕಪಕ್ಕದಲ್ಲಿ ರೋಗ ಇರುವಾಗ, ಹೊಸ ಹಸು ತಂದು ಕಟ್ಟುವ ಮೊದಲು, ಕರುಗಳಿಗೆ ಮೇಲಿಂದ ಮೇಲೆ ಭೇದಿಯಾಗುವಾಗ ನೆಲ, ಗೋದಲಿ, ಗೋಡೆಗಳನ್ನು ಔಷಧದಿಂದ ತೊಳೆಯಲೇಬೇಕು. ಆಗ ದ್ರಾವಣದ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿದ್ದರೆ, ರೋಗಾಣು ಸತ್ತಿತೆಂಬ ಸುಳ್ಳು ಧೈರ್ಯವೊಂದೇ ಲಾಭ. ಹಾಗೆ ಇಳಿಯುವುದು ಅಪರೂಪವೇನೂ ಅಲ್ಲ. ಹೇಗೆಂದು ನೋಡೋಣ.

ಶೇಕಡ ಒಂದು ಎಂದರೆ ಎಷ್ಟು?

ಒಂದು ಲೀಟರ್ ದ್ರಾವಣದಲ್ಲಿ 10 ಮಿಲಿಲೀಟರ್ ಔಷಧವಿದ್ದರೆ ಅದು ಶೇಕಡ 1. ಪುಡಿಯಾದರೆ ಲೀಟರಿಗೆ 10 ಗ್ರಾಂ. ನೂರು ಲೀಟರಿನ ಡ್ರಮ್ಮಿಗೆ ಒಂದು ಲೀಟರ್ ಅಥವಾ ಒಂದು ಕಿಲೋ. ಇಷ್ಟು ನೆನಪಿದ್ದರೆ ಮುಂದಿನದೆಲ್ಲ ಗುಣಾಕಾರ, ಭಾಗಾಕಾರ ಮಾತ್ರ. ಮುಚ್ಚಳದ ಅಳತೆಯನ್ನು ನಂಬಬಾರದು. ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಗಾತ್ರದ್ದು. ಗೆರೆ ಹಾಕಿದ ಅಳತೆ ಲೋಟವೊಂದನ್ನು ಕೊಂಡು ಅದನ್ನು ಈ ಕೆಲಸಕ್ಕೇ ಮೀಸಲಿಡುವುದು ಒಳ್ಳೆಯದು.

ಚೀಟಿಯ ಮೇಲೆ 1:4 ಎಂದು ಬರೆದಿದ್ದರೆ ಒಂದು ಪಾಲು ಔಷಧ, ನಾಲ್ಕು ಪಾಲು ನೀರು, ಒಟ್ಟು ಐದು ಪಾಲು ಎಂದು ಅರ್ಥ. ಅಂದರೆ ಶೇಕಡ 20. ‘ನಾಲ್ಕರಲ್ಲಿ ಒಂದು ಪಾಲು’ ಎಂದರೆ ಬೇರೆ. ಅದು ಶೇಕಡ 25. ನೂರಕ್ಕೆ ಒಂದು ಬೆರೆಸುವಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗಟ್ಟಿ ದ್ರಾವಣ ಮಾಡುವಾಗ ಮಾತ್ರ ಇದನ್ನು ಮರೆಯುವಂತಿಲ್ಲ.

ಪಂಪು ಎಷ್ಟು ಎಳೆಯುತ್ತದೆ?

ಪ್ರೆಷರ್ ವಾಷರಿನಲ್ಲಿ ಔಷಧ ಬೆರೆಯುವುದು ಡಬ್ಬಿಯಲ್ಲಲ್ಲ, ದಾರಿಯಲ್ಲಿ. ಪಂಪಿನಿಂದ ಹೊರಟ ನೀರು ಇಂಜೆಕ್ಟರ್ ಎಂಬ ಕಿರಿದಾದ ದ್ವಾರದ ಮೂಲಕ ವೇಗವಾಗಿ ಹಾಯುವಾಗ ಅಲ್ಲಿ ಒಂದು ಸೆಳೆತ ಉಂಟಾಗುತ್ತದೆ. ಆ ಸೆಳೆತಕ್ಕೆ ಡಬ್ಬಿಯ ದ್ರಾವಣ ತೆಳುವಾದ ಕೊಳವೆಯಲ್ಲಿ ಬಂದು ನೀರಿಗೆ ಸೇರುತ್ತದೆ. ಅಂದರೆ ಡಬ್ಬಿಯಲ್ಲಿ ಒಮ್ಮೆ ತೆಳುವಾದ ಔಷಧ ದಾರಿಯಲ್ಲಿ ಎರಡನೆಯ ಸಲ ತೆಳುವಾಗುತ್ತದೆ. ಈ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಎಲ್ಲ ತಪ್ಪಿಗೂ ಮೂಲ. ಔಷಧದ ಚೀಟಿಯಲ್ಲಿ ‘ಲೀಟರಿಗೆ 10 ಮಿಲಿಲೀಟರ್’ ಎಂದು ಬರೆದಿರುವುದು ನೆಲಕ್ಕೆ ಬೀಳುವ ನೀರಿನ ಮಾತು, ಡಬ್ಬಿಯ ಮಾತಲ್ಲ.

ಪಂಪು ಎಷ್ಟು ಎಳೆಯುತ್ತದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ಬೇಕಾದದ್ದು ಹತ್ತು ಲೀಟರಿನ ಬಕೆಟ್ಟು, ಅಳತೆ ಲೋಟ, ಸೆಕೆಂಡು ತೋರಿಸುವ ಗಡಿಯಾರ. ಸೋಪು ಹೊಡೆಯಲೆಂದು ಕೊಟ್ಟಿರುವ ಅಗಲ ಬಾಯಿಯ ನಾಜಲನ್ನೇ ಹಾಕಬೇಕು. ಸಣ್ಣ ಬಾಯಿಯ ನಾಜಲ್ ಹಾಕಿದರೆ ಒತ್ತಡ ಏರಿ ಬಹುತೇಕ ಇಂಜೆಕ್ಟರುಗಳು ಎಳೆಯುವುದನ್ನೇ ನಿಲ್ಲಿಸುತ್ತವೆ. ಡಬ್ಬಿಯ ಕೊಳವೆಯನ್ನು ಬರೀ ನೀರು ತುಂಬಿದ ಅಳತೆ ಲೋಟದಲ್ಲಿ ಇಳಿಬಿಟ್ಟು ಬಕೆಟ್ಟಿಗೆ ನೀರು ಬಿಡಬೇಕು. ಬಕೆಟ್ಟು 75 ಸೆಕೆಂಡಿನಲ್ಲಿ ತುಂಬಿತೆನ್ನಿ. ಆಗ ಪಂಪು ನಿಮಿಷಕ್ಕೆ 8 ಲೀಟರ್ ಕೊಡುತ್ತಿದೆ. ಅದೇ 75 ಸೆಕೆಂಡಿನಲ್ಲಿ ಲೋಟದಿಂದ ಅರ್ಧ ಲೀಟರ್ ಖರ್ಚಾಗಿದ್ದರೆ, ಹತ್ತು ಲೀಟರಿನಲ್ಲಿ ಅರ್ಧ ಲೀಟರ್, ಅಂದರೆ ಇಪ್ಪತ್ತು ಪಾಲಿನಲ್ಲಿ ಒಂದು ಪಾಲು. ಇದನ್ನು ಆ ಪಂಪಿನ ಎಳೆತದ ಸಂಖ್ಯೆ ಎಂದು ಕರೆಯೋಣ: 20. ಎರಡು ಮೂರು ಸಲ ಅಳೆದು ಸರಾಸರಿ ಹಿಡಿದರೆ ಇನ್ನೂ ಮೇಲು. ಪಂಪಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಸಂಖ್ಯೆ ಅಚ್ಚಾಗಿದ್ದರೂ ಬಕೆಟ್ಟು ಹೇಳಿದ್ದನ್ನೇ ನಂಬಬೇಕು. ಕೊಳವೆಯ ಉದ್ದ, ಕರೆಂಟಿನ ಒತ್ತಡ, ದ್ರಾವಣದ ಮಂದತೆ ಇವೆಲ್ಲ ಸಂಖ್ಯೆಯನ್ನು ಬದಲಿಸುತ್ತವೆ. ಜೇನಿನಂತೆ ಮಂದವಾಗಿರುವ ಸೋಪಾದರೆ ಅದನ್ನೇ ಲೋಟಕ್ಕೆ ಹಾಕಿ ಇನ್ನೊಮ್ಮೆ ಅಳೆಯಬೇಕು. ಅದು ನೀರಿಗಿಂತ ಕಡಿಮೆ ಹರಿಯುತ್ತದೆ.

ಇನ್ನು ಲೆಕ್ಕ ಸುಲಭ. ನೆಲದ ಮೇಲೆ ಬೇಕಾದ ಶಕ್ತಿಯನ್ನು ಎಳೆತದ ಸಂಖ್ಯೆಯಿಂದ ಗುಣಿಸಿದರೆ ಡಬ್ಬಿಯಲ್ಲಿ ಇರಬೇಕಾದ ಶಕ್ತಿ ಸಿಗುತ್ತದೆ. ಸೋಪಿನ ಚೀಟಿ ಶೇಕಡ 1 ಎಂದು ಹೇಳಿದೆ. ಎಳೆತದ ಸಂಖ್ಯೆ 20. ಡಬ್ಬಿಯಲ್ಲಿ ಶೇಕಡ 20 ಇರಬೇಕು. ಐದು ಲೀಟರಿನ ಡಬ್ಬಿಗೆ ಒಂದು ಲೀಟರ್ ಸೋಪು, ನಾಲ್ಕು ಲೀಟರ್ ನೀರು. ಚೀಟಿಯನ್ನು ಓದಿ ಡಬ್ಬಿಗೇ ಲೀಟರಿಗೆ 10 ಮಿಲಿಲೀಟರಿನಂತೆ ಹಾಕಿದವರ ನೆಲದ ಮೇಲೆ ಬಿದ್ದದ್ದು ಲೀಟರಿಗೆ ಅರ್ಧ ಮಿಲಿಲೀಟರ್. ನೀರನ್ನೇ ಬೆರೆಸದೆ ಡಬ್ಬಿಯ ತುಂಬ ಸೋಪು ಸುರಿದವರ ನೆಲದ ಮೇಲೆ ಬಿದ್ದದ್ದು ಬೇಕಾದ್ದಕ್ಕಿಂತ ಐದು ಪಟ್ಟು. ಮೊದಲನೆಯವರಿಗೆ ಕೊಳೆ ಹೋಗಲಿಲ್ಲ. ಎರಡನೆಯವರಿಗೆ ದುಡ್ಡು ಹೋಯಿತು, ಮೇಲಾಗಿ ನೊರೆ ನಿಂತ ನೆಲದಲ್ಲಿ ಹಸು ಜಾರುವ ಭಯ. ಗಬ್ಬದ ಹಸು ಜಾರಿ ಬಿದ್ದರೆ ಆಗುವ ನಷ್ಟ ಸೋಪಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಡಬ್ಬಿಯಿಂದ ಆಗದ ಕೆಲಸ

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಬಹಳ ಮುಖ್ಯವಾದ ಒಂದು ಸಂಗತಿ ಹೊರಬೀಳುತ್ತದೆ. ಔಷಧವನ್ನು ನೀರು ಸೇರಿಸದೆ ಹಾಗೆಯೇ ಡಬ್ಬಿಗೆ ಹಾಕಿದರೂ, ಅದರ ಶಕ್ತಿಯನ್ನು ಎಳೆತದ ಸಂಖ್ಯೆಯಿಂದ ಭಾಗಿಸಿದಷ್ಟಕ್ಕಿಂತ ಹೆಚ್ಚು ನೆಲಕ್ಕೆ ಬೀಳಲಾರದು. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಶೇಕಡ 10ರದ್ದು ಸಿಕ್ಕಿತು ಎಂದಿಟ್ಟುಕೊಳ್ಳೋಣ. 10ನ್ನು 20ರಿಂದ ಭಾಗಿಸಿದರೆ ಅರ್ಧ. ಶೇಕಡ ಅರ್ಧದ ಕ್ಲೋರಿನ್ ದ್ರಾವಣ, ಮೊದಲೇ ಚೆನ್ನಾಗಿ ತೊಳೆದ ನೆಲದ ಸಾಮಾನ್ಯ ಶುದ್ಧಿಗೆ ಸಾಕು. ಆದರೆ ಕಾಲುಬಾಯಿ ಜ್ವರದ ವಿಷಾಣುವಿಗೆ ಶಿಫಾರಸಾಗಿರುವ ಹೈಪೋಕ್ಲೋರೈಟಿನ ಪ್ರಮಾಣ ಶೇಕಡ 3. ಈ ಪಂಪಿನ ಡಬ್ಬಿಯಿಂದ ಅದು ಏನು ಮಾಡಿದರೂ ಬರುವುದಿಲ್ಲ. ಬರಬೇಕಾದರೆ ಡಬ್ಬಿಯಲ್ಲಿ ಶೇಕಡ 60ರ ದ್ರಾವಣ ಇರಬೇಕು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ವಾಷಿಂಗ್ ಸೋಡಾದ ಮಾತೂ ಇದೇ. ಕಾಲುಬಾಯಿ ಜ್ವರದ ಕೊಟ್ಟಿಗೆಗೆ ಶೇಕಡ 4ರ ಸೋಡಾ ದ್ರಾವಣ ಹಳೆಯ, ಅಗ್ಗದ, ಇಂದಿಗೂ ಶಿಫಾರಸಿನಲ್ಲಿರುವ ಔಷಧ. ಸಾಧಾರಣ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಸೋಡಾ ಪುಡಿ ಸುಮಾರು 200 ಗ್ರಾಂ. ಅಷ್ಟನ್ನೂ ಕರಗಿಸಿ ಡಬ್ಬಿಗೆ ಹಾಕಿದರೂ ನೆಲಕ್ಕೆ ಬೀಳುವುದು ಶೇಕಡ 1ರ ಆಸುಪಾಸು, ಬೇಕಾದ್ದರ ಕಾಲು ಭಾಗ. ಆದ್ದರಿಂದ ರೋಗದ ಕಾಲದಲ್ಲಿ ಡಬ್ಬಿಯನ್ನು ಪಕ್ಕಕ್ಕಿಟ್ಟು, ದ್ರಾವಣವನ್ನು ಡ್ರಮ್ಮಿನಲ್ಲೇ ಪೂರ್ಣ ಶಕ್ತಿಗೆ ಬೆರೆಸಿ, ಎಚ್.ಟಿ.ಪಿ. ಪಂಪಿನಿಂದಲೋ ಬೆನ್ನಿಗೆ ಹಾಕುವ ಸಿಂಪರಣಾ ಯಂತ್ರದಿಂದಲೋ, ಏನೂ ಇಲ್ಲದಿದ್ದರೆ ಪೂಜಾಲಿಯಂಥ ತೂತಿನ ಬಾಯಿಯ ನೀರುಣಿಸುವ ಡಬ್ಬದಿಂದಲೋ ನೆಲಕ್ಕೆ ಹಾಕಬೇಕು. ಎಚ್.ಟಿ.ಪಿ. ಪಂಪು ಡ್ರಮ್ಮಿನ ದ್ರಾವಣವನ್ನೇ ಎತ್ತಿ ಹೊಡೆಯುವುದರಿಂದ ಅಲ್ಲಿ ಎಳೆತದ ಸಂಖ್ಯೆಯ ಗೊಡವೆಯಿಲ್ಲ. ಡ್ರಮ್ಮಿನಲ್ಲಿ ಇದ್ದದ್ದೇ ನೆಲಕ್ಕೆ. ಹಿಂದಿರುಗುವ ಕೊಳವೆಯನ್ನು ಡ್ರಮ್ಮಿನ ತಳದ ತನಕ ಇಳಿಬಿಟ್ಟರೆ ದ್ರಾವಣ ತಾನಾಗಿ ಕಲಕುತ್ತಲೂ ಇರುತ್ತದೆ. ಒಂದೇ ಎಚ್ಚರಿಕೆ, ಕಳೆನಾಶಕ ಬೆರೆಸಿದ ಡ್ರಮ್ಮನ್ನು ಕೊಟ್ಟಿಗೆಗೆ ತರಬಾರದು. ಕೊಟ್ಟಿಗೆಯ ಡ್ರಮ್ಮಿಗೆ ಬೇರೆ ಬಣ್ಣ ಬಳಿದಿಟ್ಟರೆ ಆಳುಗಳಿಗೂ ಗೊಂದಲವಿರುವುದಿಲ್ಲ.

ಸೋಡಾ ಕೊಳ್ಳುವಾಗ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: ಒಣ ಬಿಳಿ ಪುಡಿಯಾದ ಸೋಡಾ ಆಷ್, ಮತ್ತು ಕಲ್ಲುಸಕ್ಕರೆಯಂತೆ ಹೊಳೆಯುವ ಹರಳು ಸೋಡಾ. ಹರಳಿನ ತೂಕದಲ್ಲಿ ನೂರಕ್ಕೆ 63 ಪಾಲು ನೀರೇ. ನಿಜವಾದ ಸೋಡಾ 37 ಪಾಲು ಮಾತ್ರ. ನೂರು ಲೀಟರ್ ದ್ರಾವಣಕ್ಕೆ ಪುಡಿಯಾದರೆ 4 ಕಿಲೋ ಸಾಕು. ಹರಳಾದರೆ ಸುಮಾರು 10 ಕಿಲೋ 800 ಗ್ರಾಂ ಬೇಕು. ‘ನಾಲ್ಕು ಕಿಲೋ’ ಎಂದು ಕೇಳಿಸಿಕೊಂಡು ಹರಳನ್ನು ತೂಗಿಸಿಕೊಂಡು ಬಂದವರ ದ್ರಾವಣ ಶೇಕಡ ಒಂದೂವರೆಯಲ್ಲೇ ನಿಂತಿರುತ್ತದೆ. ಅಡಿಗೆ ಸೋಡಾ ಮತ್ತೂ ಬೇರೆ ವಸ್ತು. ನೆಲಕ್ಕೆ ಅದು ಇದರ ಬದಲಿಯಲ್ಲ. ಸೋಡಾ ದ್ರಾವಣ ಅಲ್ಯೂಮಿನಿಯಂ ಲೋಹವನ್ನು ತಿನ್ನುತ್ತದೆ, ಆದ್ದರಿಂದ ಹಾಲಿನ ಕ್ಯಾನು, ಪಾತ್ರೆಗಳನ್ನು ಮೊದಲೇ ಹೊರಗೆ ಸಾಗಿಸಿರಬೇಕು.

ಬ್ಲೀಚಿಂಗ್ ಪುಡಿಯಲ್ಲಿ ಹೊಸದಿದ್ದಾಗ ನೂರಕ್ಕೆ 30ರಷ್ಟು ಕ್ಲೋರಿನ್ ಇರುತ್ತದೆ. ಐವತ್ತು ಲೀಟರ್ ನೀರಿಗೆ ಶೇಕಡ ಅರ್ಧದ ಶಕ್ತಿ ಬರಬೇಕಾದರೆ 250 ಗ್ರಾಂ ಕ್ಲೋರಿನ್ ಬೇಕು. ಅದಕ್ಕೆ ಪುಡಿ ಸುಮಾರು 830 ಗ್ರಾಂ. ಬಾಯಿ ತೆರೆದಿಟ್ಟ ಚೀಲದ, ತೇವ ಕುಡಿದ ಪುಡಿಯಾದರೆ ಈ ಲೆಕ್ಕ ಹಿಡಿಯುವುದಿಲ್ಲ. ಕ್ಲೋರಿನ್ ಹಾರಿಹೋಗಿ ಸುಣ್ಣ ಉಳಿದಿರುತ್ತದೆ. ಮೂಗಿಗೆ ವಾಸನೆ ಬಂದ ಮಾತ್ರಕ್ಕೆ ಶಕ್ತಿ ಇದೆ ಎನ್ನಲಾಗದು. ಹೈಪೋಕ್ಲೋರೈಟಿಗೂ ಅದೇ ಗತಿ. ಬಿಸಿಲು, ಸೆಕೆ ತಗುಲಿದಷ್ಟೂ ಶಕ್ತಿ ಕುಂದುತ್ತದೆ. ತಯಾರಾದ ತಿಂಗಳು ನೋಡಿ, ಎರಡು ಮೂರು ವಾರಕ್ಕೆ ಆಗುವಷ್ಟನ್ನೇ ಕೊಂಡು, ನೆರಳಿನಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಅಗ್ಗವೆಂದು ವರ್ಷದ ಸರಕನ್ನು ಒಮ್ಮೆಗೇ ತಂದು ತುಂಬುವುದು ಜಾಣತನವಲ್ಲ. ಬ್ಲೀಚಿಂಗ್ ಪುಡಿಯನ್ನು ಕದಡಿದ ಮೇಲೆ ಸುಣ್ಣ ತಳಕ್ಕೆ ಇಳಿಯುವ ತನಕ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಬಳಸಿದರೆ ನಾಜಲ್ ಕಟ್ಟುವುದಿಲ್ಲ.

ನಿಂತ ನೀರೂ ಲೆಕ್ಕಕ್ಕೆ ಸೇರುತ್ತದೆ

ಡ್ರಮ್ಮಿನಲ್ಲಿ ಸರಿಯಾಗಿ ಬೆರೆಸಿದ ದ್ರಾವಣ ನೆಲದ ಮೇಲೆ ಕೆಡುವುದುಂಟು. ಮಳೆಯ ಲೆಕ್ಕ ರೈತರಿಗೆ ಹೊಸದಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಹತ್ತು ಹಸುವಿನ ಕೊಟ್ಟಿಗೆಯ ನೆಲ 50 ಚದರ ಮೀಟರ್ ಇದ್ದು, ತೊಳೆದ ನೀರು ಒಂದೇ ಮಿಲಿಮೀಟರ್ ನಿಂತಿದ್ದರೂ ಅದು 50 ಲೀಟರ್. ಅದರ ಮೇಲೆ ಶೇಕಡ 4ರ 50 ಲೀಟರ್ ದ್ರಾವಣ ಹಾಕಿದರೆ ಉಳಿಯುವುದು ಶೇಕಡ 2. ತೊಳೆದ ಮೇಲೆ ನೀರನ್ನು ಬಚ್ಚಲ ಕಡೆಗೆ ಎಳೆದು, ನೆಲ ಬಸಿದು ಒದ್ದೆ ಆರುವ ತನಕ ಕಾಯಬೇಕೆಂದು ಹೇಳುವುದು ಇದಕ್ಕೇ. ಗುಂಡಿ ಬಿದ್ದ ನೆಲವನ್ನು ಸಿಮೆಂಟು ಹಾಕಿ ಸರಿಮಾಡುವುದು ಎರಡು ಡಬ್ಬಿ ದುಬಾರಿ ಔಷಧಕ್ಕಿಂತ ಉಪಯುಕ್ತ.

ಸಗಣಿಯೂ ಔಷಧದ ಶತ್ರುವೇ. ಕ್ಲೋರಿನ್ ರೋಗಾಣುವನ್ನು ಮುಟ್ಟುವ ಮೊದಲೇ ಸಗಣಿ, ಹಾಲು, ಮೇವಿನ ಚೂರುಗಳಲ್ಲಿ ಖರ್ಚಾಗಿಬಿಡುತ್ತದೆ. ಆದುದರಿಂದ ದನಗಳನ್ನು ಹೊರಗೆ ಕಟ್ಟಿ, ಸಗಣಿಯನ್ನು ಒಣಗಿದ್ದಾಗಲೇ ಸಲಿಕೆಯಿಂದ ಬಾಚಿ, ಆಮೇಲೆ ಒತ್ತಡದ ನೀರಿನಿಂದ ಗೋಡೆಯ ಮೇಲಿಂದ ಕೆಳಕ್ಕೆ ತೊಳೆಯಬೇಕು. ರೋಗ ಬಂದುಹೋದ ಕೊಟ್ಟಿಗೆಯಾದರೆ ಕ್ರಮ ಬೇರೆ. ಅಲ್ಲಿ ಬಾಚುವ ಮೊದಲೇ ಸೋಡಾ ದ್ರಾವಣವನ್ನು ನಿಧಾನವಾಗಿ ಸುರಿದು ನೆನೆಸಬೇಕು. ಒಣ ಸಗಣಿಗೆ ಒತ್ತಡದ ನೀರು ಹೊಡೆದರೆ ಸಣ್ಣ ತುಂತುರಿನ ಜೊತೆ ವಿಷಾಣು ಗಾಳಿಗೆ ಏಳುತ್ತದೆ, ಪಕ್ಕದ ಕೊಟ್ಟಿಗೆಗೂ ಹೋಗುತ್ತದೆ. ಸೋಪನ್ನು ಗೋಡೆಯ ಕೆಳಗಿನಿಂದ ಮೇಲಕ್ಕೆ ಹೊಡೆದು, ಹತ್ತು ನಿಮಿಷ ಬಿಟ್ಟು, ಒಣಗಲು ಬಿಡದೆ ತೊಳೆಯಬೇಕು. ಕೊನೆಯದಾಗಿ ರೋಗನಾಶಕ. ಅದನ್ನು ಎಂದೂ ಹೆಚ್ಚಿನ ಒತ್ತಡದಲ್ಲಿ ಹೊಡೆಯಬಾರದು; ಮಂಜಿನಂತೆ ಎದ್ದು ಹೊಡೆಯುವವರ ಶ್ವಾಸಕ್ಕೆ ಹೋಗುವುದಲ್ಲದೆ ನೆಲದ ಮೇಲೆ ನಿಲ್ಲುವುದೂ ಇಲ್ಲ. ಚೀಟಿಯಲ್ಲಿ ಹೇಳಿದಷ್ಟು ಹೊತ್ತು ನೆಲ ಒದ್ದೆಯಾಗಿಯೇ ಇರಬೇಕು. ದನಗಳನ್ನು ಮತ್ತೆ ಕಟ್ಟುವ ಮೊದಲು ಗೋದಲಿ ಮತ್ತು ನೀರಿನ ತೊಟ್ಟಿಗಳನ್ನು ಬರೀ ನೀರಿನಿಂದ ತೊಳೆಯತಕ್ಕದ್ದು. ಕೆಚ್ಚಲು ತೊಳೆಯಲು ಈ ಪಂಪನ್ನು ಉಪಯೋಗಿಸುವ ಆಸೆ ಬೇಡವೇ ಬೇಡ.

ಎಷ್ಟು ದ್ರಾವಣ ಬೇಕೆಂಬುದಕ್ಕೂ ಪರರ ಕೊಟ್ಟಿಗೆಯ ಅಂಕಿ ಬೇಡ. ಬಾಚಿ ಆರಿದ ಕೊಟ್ಟಿಗೆಯಲ್ಲಿ ಒಂದು ದಿನ ಬರೀ ನೀರನ್ನು, ಸೋಪಿನ ನಾಜಲಿನಿಂದ, ನೆಲ ಮತ್ತು ಎದೆಯೆತ್ತರದ ಗೋಡೆ ಪೂರ್ತಿ ತೊಯ್ಯುವಂತೆ ಹೊಡೆದು ಹೊತ್ತು ನೋಡಿದರಾಯಿತು. ನಿಮಿಷಕ್ಕೆ 8 ಲೀಟರಿನ ಪಂಪಿಗೆ ಆರು ನಿಮಿಷ ಹಿಡಿದರೆ 48 ಲೀಟರ್. 50 ಎಂದು ಹಿಡಿಯಬಹುದು. ಎಳೆತದ ಸಂಖ್ಯೆ 20 ಇರುವಾಗ ಈ ಕೆಲಸಕ್ಕೆ ಡಬ್ಬಿಯಿಂದ ಖರ್ಚಾಗುವುದು ಎರಡೂವರೆ ಲೀಟರ್. ಕೆಲಸ ಮುಗಿದಾಗ ಡಬ್ಬಿಯಲ್ಲಿ ಬಹಳ ಉಳಿದಿದ್ದರೆ ಅಥವಾ ಅರ್ಧದಲ್ಲೇ ಬರಿದಾಗಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಕೊಳವೆಯ ತುದಿಯ ಜಾಲರಿಗೆ ಕಸ ಸಿಕ್ಕಿರುತ್ತದೆ, ಇಲ್ಲವೇ ಕೊಳವೆಯ ಕೂಡಿಕೆಯಲ್ಲಿ ಗಾಳಿ ಒಳಸೇರುತ್ತಿರುತ್ತದೆ. ನಾಜಲ್ ಸವೆದಂತೆಲ್ಲ ನೀರಿನ ಪ್ರಮಾಣವೂ ಬದಲಾಗುವುದರಿಂದ ಬಕೆಟ್ಟಿನ ಪರೀಕ್ಷೆಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಪುನಃ ಮಾಡುವುದು ಒಳಿತು. ಸಿಕ್ಕ ಸಂಖ್ಯೆಯನ್ನು ದಿನಾಂಕದ ಸಮೇತ ಪಂಪಿನ ಮೇಲೆಯೇ ಬಣ್ಣದಲ್ಲಿ ಬರೆದಿಟ್ಟರೆ ಮನೆಯಲ್ಲಿ ಯಾರು ತೊಳೆದರೂ ಲೆಕ್ಕ ಒಂದೇ ಆಗಿರುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಕೆಲವು ಮಾತುಗಳು

ಕ್ಲೋರಿನ್ ಔಷಧ ಮತ್ತು ಆಸಿಡ್ ಎಂದಿಗೂ ಒಂದೇ ಡಬ್ಬಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ನೆಲದ ಮೇಲೆ ಕೂಡಬಾರದು. ಕಲೆ ತೆಗೆಯಲು ಶೌಚಾಲಯದ ಆಸಿಡ್ ಹಾಕಿ, ಅದರ ಹಿಂದೆಯೇ ಬ್ಲೀಚಿಂಗ್ ಹೊಡೆಯುವವರಿದ್ದಾರೆ. ಆಗ ಏಳುವುದು ಕ್ಲೋರಿನ್ ಅನಿಲ. ಮುಚ್ಚಿದ ಕೊಟ್ಟಿಗೆಯಲ್ಲಿ ಅದು ಮನುಷ್ಯರನ್ನೂ ದನಗಳನ್ನೂ ಕೊಲ್ಲಬಲ್ಲದು. ಗಂಜಲ ನಿಂತ ನೆಲದ ಮೇಲೆ ಕ್ಲೋರಿನ್ ಹಾಕಿದರೂ ಕಣ್ಣು, ಎದೆ ಉರಿಸುವ ಅನಿಲ ಏಳುತ್ತದೆ; ಗಂಜಲವನ್ನು ಮೊದಲು ತೊಳೆಯಬೇಕು. ಡಬ್ಬಿಯಲ್ಲಿ ಒಂದು ಔಷಧ ಬಳಸಿದ ಮೇಲೆ ಬರೀ ನೀರನ್ನು ಎರಡು ನಿಮಿಷ ಎಳೆಸಿದ ಹೊರತು ಇನ್ನೊಂದನ್ನು ತುಂಬಕೂಡದು. ಬೆರೆಸುವಾಗ ಮೊದಲು ನೀರು, ಆಮೇಲೆ ಔಷಧ. ರಬ್ಬರಿನ ಕೈಚೀಲ, ಬೂಟು, ಕಣ್ಣಿಗೆ ಕನ್ನಡಕ ಇವು ಶೋಕಿಯಲ್ಲ. ಸೋಡಾದ ಒಂದು ಹನಿ ಕಣ್ಣಿಗೆ ಬಿದ್ದರೂ ಬಹಳ ಹೊತ್ತು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಉಳಿದ ಔಷಧವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸವಂತೂ ಮನೆಯ ಮಕ್ಕಳಿಗೆ ಒಡ್ಡಿದ ಉರುಳು. ಒದ್ದೆ ನೆಲದಲ್ಲಿ ಕರೆಂಟಿನ ಪಂಪು ನಡೆಸುವುದರಿಂದ ಅರ್ಥಿಂಗ್ ಸರಿಯಾಗಿರಬೇಕು, ಸೋರಿಕೆಯಾದರೆ ಕರೆಂಟು ತಾನೇ ಕಡಿಯುವ ಸಾಧನವನ್ನೂ ಹಾಕಿಸಿರಬೇಕು.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು. ರೋಗನಾಶಕ ಬೆರೆತ ನೀರನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಬಿಟ್ಟರೆ ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಗಳೇ ಸತ್ತು ಒಲೆ ಉರಿಯುವುದು ನಿಲ್ಲುತ್ತದೆ. ಎರೆಗೊಬ್ಬರದ ಗುಂಡಿಗೂ, ದನ ನೀರು ಕುಡಿಯುವ ಕಟ್ಟೆಗೂ ಅದು ಹೋಗಕೂಡದು. ದಿನನಿತ್ಯದ ಬರೀ ನೀರಿನ ತೊಳೆತಕ್ಕೆ ಒಂದು ದಾರಿ, ಔಷಧದ ತೊಳೆತಕ್ಕೆ ಇನ್ನೊಂದು ದಾರಿ ಎಂದು ಬಚ್ಚಲ ಕಾಲುವೆಯಲ್ಲಿ ಒಂದು ಹಲಗೆ ಇಟ್ಟು ತಿರುಗಿಸಿಕೊಂಡರೆ ಸಾಕು. ಔಷಧದ ನೀರನ್ನು ಬಾವಿ, ಕೆರೆಗಳಿಂದ ದೂರದ ಇಂಗುಗುಂಡಿಗೆ ಬಿಡಬಹುದು. ಬೆರೆಸಿ ಮಿಕ್ಕ ಕ್ಲೋರಿನ್ ದ್ರಾವಣವನ್ನು ನಾಳೆಗೆಂದು ಇಟ್ಟುಕೊಳ್ಳುವುದರಲ್ಲಿ ಪ್ರಯೋಜನವಿಲ್ಲ, ಮರುದಿನ ಅದರ ಶಕ್ತಿ ಎಷ್ಟೆಂದು ಹೇಳಲಾಗುವುದಿಲ್ಲ. ಸೋಡಾ ದ್ರಾವಣ ಮಾತ್ರ ಮುಚ್ಚಿಟ್ಟರೆ ಕೆಡದೆ ಉಳಿಯುತ್ತದೆ. ಡ್ರಮ್ಮಿನ ಮೇಲೆ ಹೆಸರು, ಶೇಕಡ, ಬೆರೆಸಿದ ದಿನ ಬರೆದು ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು.